ಒಂದು ದ್ವೀಪ, ಎರಡು ಪಂಚಾಂಗ

ಪ್ರತಿವರ್ಷ ಜುಲೈ 20ನೆಯ ತಾರೀಖು ಬೆಳಗಿನ ಐದೂವರೆ ಗಂಟೆಗೆ ಸೈಪ್ರಸ್ ದ್ವೀಪದ ದಕ್ಷಿಣ ಭಾಗದಲ್ಲಿ ಸೈರನ್ನುಗಳು ಕೂಗುತ್ತವೆ. ಮಲಗಿದ್ದವರು ಎದ್ದು ಕೂರುತ್ತಾರೆ. ಇಗರ್ಜಿಗಳಲ್ಲಿ ಮಡಿದವರ ಹೆಸರಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ಅದೇ ದಿನ ಅದೇ ದ್ವೀಪದ ಉತ್ತರ ಭಾಗದಲ್ಲಿ ಬಾವುಟಗಳು ಹಾರುತ್ತವೆ, ದಂಡಿನ ಕವಾಯತು ಸಾಗುತ್ತದೆ, ಕಚೇರಿಗಳಿಗೆ ರಜ. ದಕ್ಷಿಣದವರಿಗೆ ಅದು ಶತ್ರುಸೈನ್ಯ ನುಗ್ಗಿ ಬಂದ ದಿನ. ಉತ್ತರದವರಿಗೆ ‘ಶಾಂತಿ ಸ್ವಾತಂತ್ರ್ಯಗಳ ದಿನ’. ರಾಜಧಾನಿಯಾದ ನಿಕೋಸಿಯದ ಹಳೆಯ ಬೀದಿಗಳಲ್ಲಂತೂ ಇವೆರಡಕ್ಕೂ ನಡುವೆ ಇರುವುದು ಕೆಲವೇ ಗಜಗಳ ಅಂತರ. ಒಂದೇ ತಿಥಿಗೆ ಒಂದು ಮನೆಯಲ್ಲಿ ಶ್ರಾದ್ಧ, ಗೋಡೆಯಾಚೆಯ ಮನೆಯಲ್ಲಿ ಹಬ್ಬ!

ಈ ಎರಡು ಪಂಚಾಂಗಗಳಲ್ಲಿ ಯಾವುದು ಸರಿ ಎಂದು ವಾಚಕರು ಕೇಳಬಹುದು. ದಾಯಾದಿಗಳ ವ್ಯಾಜ್ಯವನ್ನು ಕುಳಿತು ವಿಚಾರಿಸಿದ ಹಿರಿಯರು ಒಂದು ಸಂಗತಿಯನ್ನು ಬಲ್ಲರು. ಉಭಯ ಪಕ್ಷದವರೂ ಪ್ರಮಾಣಪೂರ್ವಕವಾಗಿ ನಿಜವನ್ನೇ ಹೇಳುತ್ತಿರಬಹುದು. ಆದರೆ ಒಬ್ಬನು ಕತೆಯನ್ನು ನಿನ್ನೆಯಿಂದ ಆರಂಭಿಸುತ್ತಾನೆ, ಇನ್ನೊಬ್ಬನು ಹತ್ತು ವರ್ಷದ ಹಿಂದಿನಿಂದ. ಸೈಪ್ರಸ್ಸಿನ ಜಗಳವೂ ಬಹುಮಟ್ಟಿಗೆ ಇಂಥದೇ. ಗ್ರೀಕರ ಕತೆ 1974ರಲ್ಲಿ ಆರಂಭವಾಗುತ್ತದೆ. ತುರ್ಕರ ಕತೆ 1963ರಲ್ಲಿ ಆರಂಭವಾಗಿ 1974ರಲ್ಲಿ ಸುಖಾಂತವಾಗುತ್ತದೆ.

ಹಿಂದಣ ವೃತ್ತಾಂತವನ್ನು ಸ್ವಲ್ಪ ಹೇಳಬೇಕಾಗಿದೆ. ತುರ್ಕಿದೇಶದ ಕರಾವಳಿಯಿಂದ ಸುಮಾರು 70 ಕಿಲೋಮೀಟರು ದೂರದಲ್ಲಿ ಮೆಡಿಟರೇನಿಯನ್ ಸಮುದ್ರದ ಮೂಲೆಯಲ್ಲಿರುವ ಈ ದ್ವೀಪವು 1960ರಲ್ಲಿ ಬ್ರಿಟಿಷರ ಕೈಯಿಂದ ಬಿಡುಗಡೆ ಹೊಂದಿತು. ನಿವಾಸಿಗಳಲ್ಲಿ ಬಹುಜನ ಗ್ರೀಕ್ ಭಾಷೆಯ ಕ್ರೈಸ್ತರು. ನೂರಕ್ಕೆ 18ರಷ್ಟು ತುರ್ಕಿ ಭಾಷೆಯ ಮುಸಲ್ಮಾನರು. ಗ್ರೀಕರಲ್ಲಿ ಅನೇಕರಿಗೆ ಸ್ವಾತಂತ್ರ್ಯಕ್ಕಿಂತ ಗ್ರೀಸ್ ದೇಶದೊಡನೆ ಐಕ್ಯವಾಗುವುದೇ ಹಿರಿಯ ಆಶೆಯಾಗಿತ್ತು. ತುರ್ಕರ ಮುಖಂಡರು ದ್ವೀಪವನ್ನು ಇಬ್ಭಾಗ ಮಾಡಬೇಕೆಂದಿದ್ದರು. ಇಬ್ಬರಿಗೂ ಬೇಡವಾದ ಸ್ವತಂತ್ರ ರಾಜ್ಯವೊಂದನ್ನು ಕಟ್ಟಿ, ಅದರ ರಕ್ಷಣೆಗೆ ಬ್ರಿಟನ್, ಗ್ರೀಸ್, ತುರ್ಕಿ ಈ ಮೂವರನ್ನೂ ಹೊಣೆಗಾರರನ್ನಾಗಿ ಮಾಡಿದರು. ಮನೆಯ ಪಾಲುಪತ್ರಕ್ಕೆ ನೆರೆಯವರನ್ನು ಜಾಮೀನು ನಿಲ್ಲಿಸಿದಂತಾಯಿತು. ಆ ನೆರೆಯವರಲ್ಲಿ ಇಬ್ಬರಿಗೆ ಮನೆಯ ಮೇಲೆಯೇ ಕಣ್ಣು.

ಅಧ್ಯಕ್ಷನಾಗಿದ್ದ ಆರ್ಚ್‌ಬಿಷಪ್ ಮಕಾರಿಯೋಸನು 1963ರ ನವೆಂಬರಿನಲ್ಲಿ ರಾಜ್ಯಾಂಗಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದನು. ತುರ್ಕರು ತಮ್ಮ ರಕ್ಷಣೆಯ ಬೇಲಿಯನ್ನೇ ಕೀಳುತ್ತಿದ್ದಾರೆಂದು ಭಯಪಟ್ಟರು. ಡಿಸೆಂಬರಿನಲ್ಲಿ ನಿಕೋಸಿಯದಲ್ಲಿ ಗುಂಡು ಹಾರಿತು. ಎರಡು ಕಡೆಯವರೂ ಸತ್ತರು. ತುರ್ಕರಿಗೆ ಆದ ಹಾನಿಯೇ ಹೆಚ್ಚು. ಸುಮಾರು 25,000 ತುರ್ಕರು ಹಳ್ಳಿಗಳನ್ನು ಬಿಟ್ಟು, ತಮ್ಮವರೇ ಕಾವಲಿದ್ದ ಇಕ್ಕಟ್ಟಾದ ಕೇರಿಗಳಲ್ಲಿ ತುಂಬಿಕೊಂಡರು. ಅಲ್ಲಿ ಅನೇಕ ವರ್ಷ ಗುಡಾರಗಳಲ್ಲಿಯೂ ತಗಡಿನ ಜೋಪಡಿಗಳಲ್ಲಿಯೂ ಕಳೆದರು. ಗ್ರೀಕರ ಮನೆಗಳಲ್ಲಿ ಈ ಹತ್ತು ವರ್ಷಗಳು ಒಳ್ಳೆಯ ವ್ಯಾಪಾರದ, ಶಾಂತಿಯ ಕಾಲವೆಂದೇ ನೆನಪಾಗಿ ಉಳಿದಿವೆ. ‘ನಾವೆಲ್ಲ ಅಣ್ಣತಮ್ಮಂದಿರಂತೆ ಇದ್ದೆವು’ ಎಂದು ಅಲ್ಲಿನ ವೃದ್ಧರು ಹೇಳುವ ಮಾತು ಮನಃಪೂರ್ವಕವಾದುದೇ. ಗುಡಾರದಲ್ಲಿದ್ದ ತಮ್ಮನನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಆ ಡಿಸೆಂಬರಿನ ಕಡೆಯಲ್ಲಿ ಬ್ರಿಟಿಷ್ ಸೇನಾಪತಿಯೊಬ್ಬನು ನಿಕೋಸಿಯದ ನಕ್ಷೆಯ ಮೇಲೆ ಹಸುರು ಸೀಸದ ಕಡ್ಡಿಯಿಂದ ಒಂದು ಗೆರೆಯನ್ನೆಳೆದನು. ಅಂದಿನಿಂದ ಅದಕ್ಕೆ ‘ಹಸುರು ಗೆರೆ’ ಎಂದೇ ಹೆಸರು. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂದಿತು. ಅದರ ಎರಡನೆಯ ಸೇನಾಪತಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೆಂಬುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾಗಿದ್ದ ಅವರು, ಒಂದೂವರೆ ವರ್ಷದ ಕಾಲ ಈ ಕಾದಾಡುವ ನೆರೆಹೊರೆಯವರ ನಡುವೆ ನಿಂತು, 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಕ ಪಟ್ಟಣದ ಒಂದು ಹೆದ್ದಾರಿಗೆ ಇಂದಿಗೂ ಅವರ ಹೆಸರಿದೆ.

ಇನ್ನು 1974. ಆಗ ಗ್ರೀಸ್ ದೇಶವನ್ನು ಆಳುತ್ತಿದ್ದವರು ಸೈನ್ಯಾಧಿಕಾರಿಗಳು. ಅವರ ಪ್ರೇರಣೆಯಿಂದ ಜುಲೈ 15ರಂದು ಸೈಪ್ರಸ್ಸಿನ ರಾಷ್ಟ್ರೀಯ ಪಡೆಯು ಮಕಾರಿಯೋಸನ ಅರಮನೆಗೆ ಮುತ್ತಿಗೆ ಹಾಕಿತು. ಆತನು ತಪ್ಪಿಸಿಕೊಂಡನು, ನಿಕೋಸ್ ಸಾಂಪ್ಸನ್ ಎಂಬವನು ಅಧ್ಯಕ್ಷಪೀಠದಲ್ಲಿ ಕುಳಿತನು. 1963ರ ಗಲಭೆಯಲ್ಲಿ ಇವನು ವಹಿಸಿದ್ದ ಪಾತ್ರವನ್ನು ತುರ್ಕರು ಮರೆತಿರಲಿಲ್ಲ. ಐದೇ ದಿನಗಳಲ್ಲಿ, ತಾನು ಜಾಮೀನುದಾರನೆಂಬ ಹಕ್ಕನ್ನು ಹೇಳಿಕೊಂಡು, ಪ್ರಧಾನಿ ಎಜೆವಿತನ ಆಜ್ಞೆಯಂತೆ ತುರ್ಕಿಯ ಸೈನ್ಯವು ಕೈರೀನಿಯ ಊರಿನ ಪಶ್ಚಿಮಕ್ಕಿರುವ ಕಡಲತೀರದಲ್ಲಿ ಇಳಿಯಿತು. ಜುಲೈ 22ರಂದು ಯುದ್ಧವಿರಾಮವಾಯಿತು. ಮರುದಿನವೇ ಸಾಂಪ್ಸನ್ ಬಿದ್ದನು. ಅಥೆನ್ಸಿನ ಸೈನ್ಯಾಧಿಕಾರಿಗಳ ಆಳಿಕೆಯೂ ಕುಸಿಯಿತು.

ವಿಷಯವು ಇಲ್ಲಿಗೆ ಮುಗಿದಿದ್ದರೆ ಇಂದಿನ ವಿವಾದವು ಬೇರೆ ರೂಪದ್ದಾಗುತ್ತಿತ್ತು. ಜಿನೀವದಲ್ಲಿ ಸಂಧಾನವು ಮುರಿದುಬಿದ್ದೊಡನೆ, ಆಗಸ್ಟ್ 14ರಂದು, ತುರ್ಕಿಯ ಸೈನ್ಯವು ಮತ್ತೆ ಮುಂದುವರಿದು, ಎರಡು ಮೂರು ದಿನಗಳಲ್ಲಿ ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ನೆಲವನ್ನು ಹಿಡಿಯಿತು. ಹದಗೆಟ್ಟ ರಾಜ್ಯವನ್ನು ಮೊದಲಿನ ಸ್ಥಿತಿಗೆ ತರುವುದಕ್ಕೆ ಮಾತ್ರ ಒಡಂಬಡಿಕೆಯಲ್ಲಿ ಅವಕಾಶವಿತ್ತು. ಮೊದಲನೆಯ ಹೆಜ್ಜೆಗೆ ಆ ನೆವವಾದರೂ ಸಲ್ಲುತ್ತದೆ. ಎರಡನೆಯದಕ್ಕೆ ಅದೂ ಸಲ್ಲದೆಂದು ನನ್ನ ಅಭಿಪ್ರಾಯ. 1,60,000ಕ್ಕೂ ಹೆಚ್ಚು ಗ್ರೀಕರು ಉಟ್ಟ ಬಟ್ಟೆಯಲ್ಲಿ ದಕ್ಷಿಣಕ್ಕೆ ಓಡಿದರು. ಮುಂದೆ 40,000ಕ್ಕೂ ಹೆಚ್ಚು ತುರ್ಕರು ದಕ್ಷಿಣದ ಮನೆಗಳನ್ನು ಬಿಟ್ಟು ಉತ್ತರಕ್ಕೆ ಹೋದರು. ಎರಡು ಮೂರು ದಿನಗಳ ಮಾತೆಂದು ತಿಳಿದು ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿ ಹಾಕಿಕೊಂಡು ಹೊರಟವರು ಎಷ್ಟೋ ಮಂದಿ.

ಸೈನ್ಯ ಮುಂದುವರಿದ ಆ ಆಗಸ್ಟ್ 14ರಂದೇ ಮರಾಥ, ಸಂಟಲಾರಿಸ್, ಅಲೋಡ ಎಂಬ ಮೂರು ಹಳ್ಳಿಗಳಲ್ಲಿ ಗ್ರೀಕ್ ಬಂದೂಕುಗಾರರು 126 ಮಂದಿ ತುರ್ಕರನ್ನು ಕೊಂದು ಗುಂಡಿಗಳಲ್ಲಿ ಹೂಳಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅದೇ ವಾರ, ತುರ್ಕಿಯ ಸೈನ್ಯ ಹಿಡಿದ ಹಳ್ಳಿಗಳಲ್ಲಿ ಗ್ರೀಕ್ ಗೃಹಸ್ಥರನ್ನು ಮನೆಯಿಂದ ಎಳೆದೊಯ್ದು ಕೊಂದರು. ಮೊದಲನೆಯ ಸಂಗತಿಯು ದಕ್ಷಿಣದ ಪಾಠಪುಸ್ತಕಗಳಲ್ಲಿ ಬಹುಕಾಲ ಕಾಣಿಸಲಿಲ್ಲ, ಎರಡನೆಯದು ಉತ್ತರದವುಗಳಲ್ಲಿ ಕಾಣಿಸಲಿಲ್ಲ. ದಕ್ಷಿಣದ ಮಕ್ಕಳ ಬರೆಯುವ ಪುಸ್ತಕದ ರಕ್ಷಾಪತ್ರದ ಮೇಲೆ ಕಳೆದುಹೋದ ಊರುಗಳ ಚಿತ್ರವನ್ನು ಅಚ್ಚುಹಾಕಿ, ‘ನಾನು ಮರೆಯೆನು’ ಎಂದು ಬರೆದಿದ್ದರು. 1974ರ ನಂತರ ಹುಟ್ಟಿದ ಶಿಶುವು ತಾನು ಕಾಣದ ಊರನ್ನು ಮರೆಯಕೂಡದು! ಉತ್ತರ ನಿಕೋಸಿಯದಲ್ಲಿ, 1963ರಲ್ಲಿ ತಾಯಿ ಮತ್ತು ಮೂವರು ಮಕ್ಕಳು ಕೊಲೆಯಾದ ಮನೆಯೊಂದನ್ನು ವಸ್ತುಸಂಗ್ರಹಾಲಯವನ್ನಾಗಿ ಇರಿಸಿ ಶಾಲೆಯ ಮಕ್ಕಳಿಗೆ ತೋರಿಸಿದರು. 2004ರಲ್ಲಿ ಉತ್ತರದ ಸರಕಾರವು ಚರಿತ್ರೆಯ ಪಾಠಪುಸ್ತಕಗಳನ್ನು ಹೊಸ ರೀತಿಯಲ್ಲಿ ಬರೆಯಿಸಿ, ಉಭಯರ ನೋವನ್ನೂ ಅದರಲ್ಲಿ ಸೇರಿಸಿತು. 2009ರಲ್ಲಿ ಪಕ್ಷ ಬದಲಾಯಿತು, ಪುಸ್ತಕವೂ ಬದಲಾಯಿತು.

ಆದರೆ ಪಾಠಪುಸ್ತಕಕ್ಕೆ ಬಗ್ಗದ ನೆನಪುಗಳೂ ಉಂಟು. ಕಾಣೆಯಾದವರ ವಿಷಯವನ್ನು ನೋಡಿರಿ. ಎರಡು ಪಂಗಡಗಳಿಂದ ಒಟ್ಟು 2,002 ಮಂದಿ ಕಾಣೆಯಾದವರ ಪಟ್ಟಿಯಲ್ಲಿದ್ದಾರೆ: ಗ್ರೀಕರು 1,510, ತುರ್ಕರು 492. ತುರ್ಕರಲ್ಲಿ ಅನೇಕರು 1963-64ರಲ್ಲಿಯೇ ಮರೆಯಾದವರು. ಉತ್ತರದ ಮುಖಂಡರು ಇವರೆಲ್ಲ ಸತ್ತರೆಂದೂ ಹುತಾತ್ಮರಾದರೆಂದೂ ಸಾರಿದರು. ಮನೆಯವರು ಶೋಕವನ್ನು ಮುಗಿಸಿಕೊಳ್ಳಬೇಕು, ಇನ್ನು ಹುಡುಕುವುದೇನಿದೆ? ದಕ್ಷಿಣದ ಮುಖಂಡರು ತಮ್ಮವರು ಸತ್ತರೆಂಬ ಮಾತನ್ನೇ ಎತ್ತಗೊಡಲಿಲ್ಲ. ತುರ್ಕಿಯು ಲೆಕ್ಕ ಒಪ್ಪಿಸುವ ತನಕ ಅವರು ‘ಕಾಣೆಯಾದವರು’. 1,619 ಎಂಬ ಅಂಕಿಯನ್ನು ಬಹಳ ವರ್ಷ ಮಂತ್ರದಂತೆ ಜಪಿಸಿದರು. ಗಂಡನ ಭಾವಚಿತ್ರವನ್ನು ಎದೆಗವಚಿಕೊಂಡು ಗಡಿಯ ಬಳಿ ನಿಲ್ಲುತ್ತಿದ್ದ ಆ ಹೆಂಗಸರು ತಾವು ಮುತ್ತೈದೆಯರೊ ವಿಧವೆಯರೊ ತಿಳಿಯದೆ ಮುದುಕಿಯರಾದರು. ಒಂದು ಕಡೆಯಲ್ಲಿ ಆಶೆ ನಿಷಿದ್ಧ. ಇನ್ನೊಂದು ಕಡೆಯಲ್ಲಿ ನಿರಾಶೆ ನಿಷಿದ್ಧ. ಯಾವುದು ಹೆಚ್ಚು ಕ್ರೂರವೆಂದು ತೂಗಿ ಹೇಳುವ ಧೈರ್ಯ ನನಗಿಲ್ಲ.

1998ರಲ್ಲಿ ಇಂಥ ಇಬ್ಬರು ಗ್ರೀಕ್ ಸ್ತ್ರೀಯರು ಸನಿಕೆ ಗುದ್ದಲಿಗಳನ್ನು ಹಿಡಿದು ನಿಕೋಸಿಯದ ಬಳಿಯ ಲಕಾಟಾಮಿಯದ ಸೈನಿಕರ ಸ್ಮಶಾನಕ್ಕೆ ಹೋಗಿ, ‘ಅಜ್ಞಾತ ಯೋಧ’ರ ಗೋರಿಗಳನ್ನು ತಾವೇ ಅಗೆಯತೊಡಗಿದರು. ತಮ್ಮ ಗಂಡಂದಿರು ಅಲ್ಲಿಯೇ ಇರಬಹುದೆಂದು ಅವರಿಗೆ ಅನುಮಾನವುಂಟಾಗಿತ್ತು. ಮರುವರ್ಷ ಸರಕಾರವೇ ತಜ್ಞರನ್ನು ಕರೆಯಿಸಿ ಅಗೆಯಿಸಿತು. ಕಾಣೆಯಾದವರೆಂದು ಪಟ್ಟಿಯಲ್ಲಿದ್ದವರ ಎಲುಬುಗಳು ದಕ್ಷಿಣದ ಆ ನೆಲದಲ್ಲಿಯೇ, ಮನೆಯಿಂದ ಕೂಗಳತೆಯಲ್ಲಿ, ಇಪ್ಪತ್ತೈದು ವರ್ಷಗಳಿಂದ ಇದ್ದುವು. ಪರರಾಜ್ಯದ ಮುಂದೆ ಇಟ್ಟಿದ್ದ ಪ್ರಶ್ನೆಗೆ ಉತ್ತರವು ಸ್ವಂತ ಹಿತ್ತಿಲಲ್ಲಿ ದೊರೆಯಿತು.

ಇನ್ನೊಂದು ಸಂಗತಿ. 1974ರ ಆಗಸ್ಟಿನಲ್ಲಿ ತುರ್ಕಿಯ ಛಾಯಾಚಿತ್ರಕಾರನೊಬ್ಬನು ತೆಗೆದ ಚಿತ್ರದಲ್ಲಿ ಐವರು ಗ್ರೀಕ್ ಸೈನಿಕರು ಕೈಗಳನ್ನು ಮೇಲೆತ್ತಿಕೊಂಡು ಶರಣಾಗುತ್ತಿದ್ದಾರೆ. ದಕ್ಷಿಣದಲ್ಲಿ ಈ ಚಿತ್ರವನ್ನು ಕಾಣದ ಮನೆಯಿಲ್ಲ. ಸೆರೆಯಾದುದಕ್ಕೆ ಸಾಕ್ಷಿಯಿರುವಾಗ ಅವರು ಬದುಕಿಯೇ ಇರಬೇಕು, ತುರ್ಕಿಯ ಯಾವುದೋ ಸೆರೆಮನೆಯಲ್ಲಿರಬೇಕು ಎಂದು ಮನೆಯವರು ಕಾದರು. 2009ರಲ್ಲಿ ಆ ಐವರ ಎಲುಬುಗಳನ್ನೂ ಗುರುತು ಹಿಡಿದರು. ಅವು ಉತ್ತರದ ಹಳ್ಳಿಯೊಂದರ ಬಾವಿಯಲ್ಲಿದ್ದುವು.

ಎರಡು ಸಮಾಜಗಳ ನಡುವಣ ಬಾಗಿಲು 2003ರ ಏಪ್ರಿಲ್ 23ರಂದು ಸ್ವಲ್ಪ ತೆರೆಯಿತು. ಉತ್ತರದ ಅಧಿಕಾರಿಗಳು ಮುನ್ಸೂಚನೆಯಿಲ್ಲದೆಯೇ ದಾಟುವುದಕ್ಕೆ ಅನುಮತಿಯಿತ್ತರು. ಸಾವಿರಾರು ಜನ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ತಮ್ಮ ತಮ್ಮ ಮನೆಗಳನ್ನು ನೋಡಲು ಹೋದರು. ಸ್ವಂತ ಮನೆಯ ಬಾಗಿಲನ್ನು ತಟ್ಟಿ ‘ಒಳಗೆ ಬರಬಹುದೆ?’ ಎಂದು ಕೇಳುವ ಗೃಹಿಣಿಯನ್ನು ವಾಚಕರು ಊಹಿಸಿಕೊಳ್ಳಲಿ. ಬಾಗಿಲು ತೆರೆದ ಗೃಹಿಣಿಯನ್ನೂ ಊಹಿಸಿಕೊಳ್ಳಲಿ. ಎಷ್ಟೋ ವೇಳೆ ಆಕೆಯೂ ದಕ್ಷಿಣದ ಯಾವುದೋ ಹಳ್ಳಿಯಲ್ಲಿ ತನ್ನ ಮನೆಯನ್ನು ಬಿಟ್ಟು ಬಂದವಳು. ಅನೇಕ ಮನೆಗಳಲ್ಲಿ ಬಂದವರನ್ನು ಕೂರಿಸಿ ಕಾಫಿ ಕೊಟ್ಟರು. (ಆ ಕಾಫಿಗೂ ದಕ್ಷಿಣದಲ್ಲಿ ಒಂದು ಹೆಸರು, ಉತ್ತರದಲ್ಲಿ ಇನ್ನೊಂದು, ಪಾತ್ರೆಯೂ ಪುಡಿಯೂ ಒಂದೇ.) ಹಿಂದಿನವರು ಬಿಟ್ಟುಹೋದ ಮದುವೆಯ ಭಾವಚಿತ್ರಗಳನ್ನು ಜೋಪಾನವಾಗಿ ಇರಿಸಿಕೊಂಡಿದ್ದು ಹಿಂದಿರುಗಿಸಿದವರೂ ಉಂಟು; ಬಾಗಿಲನ್ನೇ ತೆರೆಯದವರೂ ಉಂಟು. ಪಾಸ್‌ಪೋರ್ಟು ತೋರಿಸಿ ಸ್ವಂತ ಊರಿಗೆ ಹೋಗುವುದೇ ಅವಮಾನವೆಂದು ಇಂದಿಗೂ ಗೆರೆಯನ್ನು ದಾಟದ ಗ್ರೀಕರೂ ಅನೇಕರಿದ್ದಾರೆ.

ಈ ಬಾಗಿಲು ತೆರೆಯುವುದಕ್ಕೆ ಸ್ವಲ್ಪ ಮೊದಲೇ ಉತ್ತರದ ಪತ್ರಿಕೋದ್ಯೋಗಿ ಸೆವ್‌ಗುಲ್ ಉಲುದಾಗ್ ಎಂಬಾಕೆ ಕಾಣೆಯಾದವರ ವಿಷಯವಾಗಿ ಬರೆಯಲು ಆರಂಭಿಸಿದ್ದಳು. ಯಾವ ಬಾವಿ, ಯಾವ ತೋಟ ಎಂಬುದನ್ನು ಬಲ್ಲವರು ಹೆಸರು ಹೇಳದೆಯೇ ತಿಳಿಸಬಹುದೆಂದು ಆಕೆ ಎರಡು ಕಡೆಯವರನ್ನೂ ಬೇಡಿಕೊಂಡಳು. ಬಲ್ಲವರು ಇದ್ದೇ ಇದ್ದರು. ಹಳ್ಳಿಗಳಲ್ಲಿ ಇಂಥ ಗುಟ್ಟು ಎಲ್ಲಿ ಅಡಗೀತು? ಮೂವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವರಲ್ಲಿ ಕೆಲವರು, ಸಾಯುವ ಕಾಲ ಹತ್ತಿರವಾದಾಗ, ಬೆರಳು ಮಾಡಿ ತೋರಿಸಿದರು. ಗ್ರೀಕನು ತುರ್ಕರ ಗುಂಡಿಯನ್ನು, ತುರ್ಕನು ಗ್ರೀಕರ ಗುಂಡಿಯನ್ನು.

1974ರ ಜುಲೈನಲ್ಲಿ ನಿಕೋಸಿಯದ ವಿಮಾನನಿಲ್ದಾಣಕ್ಕಾಗಿ ಕಾದಾಟ ನಡೆಯುತ್ತಿದ್ದಾಗ, ಶಾಂತಿಪಡೆಯ ಅಂದಿನ ಸೇನಾಪತಿಯಾದ ಭಾರತದ ಜನರಲ್ ಪ್ರೇಮ್‌ಚಂದ್ ಅದನ್ನು ವಿಶ್ವಸಂಸ್ಥೆಯ ವಶಕ್ಕೆ ತೆಗೆದುಕೊಂಡನು. ಅಂದಿನಿಂದ ಪ್ರಯಾಣಿಕರಿಲ್ಲದೆ ಪಾಳುಬಿದ್ದಿರುವ ಆ ಆವರಣದಲ್ಲಿ ಈಗ ಒಂದು ಪ್ರಯೋಗಶಾಲೆಯಿದೆ. 2006ರಿಂದ ಗ್ರೀಕ್ ತುರ್ಕ್ ವಿಜ್ಞಾನಿಗಳು, ಹೆಚ್ಚಿನವರು ಯುದ್ಧದ ನಂತರ ಹುಟ್ಟಿದ ಯುವಕ ಯುವತಿಯರು, ಅಲ್ಲಿ ಒಟ್ಟಾಗಿ ಕುಳಿತು, ಅಗೆದು ತಂದ ಎಲುಬುಗಳನ್ನು ಮೇಜಿನ ಮೇಲೆ ಜೋಡಿಸುತ್ತಾರೆ. ಗುರುತು ಸಿಕ್ಕೊಡನೆ ಮನೆಯವರನ್ನು ಕರೆದು ಒಪ್ಪಿಸುತ್ತಾರೆ. ಕೊಂದವರು ಯಾರೆಂಬುದನ್ನು ವಿಚಾರಿಸುವ ಅಧಿಕಾರ ಅವರಿಗಿಲ್ಲ. ಸಾವಿರಕ್ಕೂ ಹೆಚ್ಚು ಮಂದಿಯ ಎಲುಬುಗಳು ಹೀಗೆ ಮನೆ ಸೇರಿವೆ. ಇನ್ನೂ ಸಾವಿರಕ್ಕೆ ಸಮೀಪವಾದಷ್ಟು ಹೆಸರುಗಳು ಉಳಿದಿವೆ. ಅಗೆದಲ್ಲೆಲ್ಲ ಈಗ ಏನೂ ದೊರೆಯುವುದಿಲ್ಲ. ಕೆಲವು ಬಾವಿಗಳ ಮೇಲೆ ಕಟ್ಟಡಗಳೆದ್ದಿವೆ, ಬೆರಳು ಮಾಡಿ ತೋರಿಸಬಲ್ಲ ಮುದುಕರು ವರ್ಷಕ್ಕೆ ಕೆಲವರಂತೆ ತೀರಿಕೊಳ್ಳುತ್ತಿದ್ದಾರೆ.