ಇರುಳೆಲ್ಲ ನಿಲ್ಲುವ ಬೆಂಕಿ

ತೀರ್ಥಹಳ್ಳಿಯ ಕಡೆಯಿಂದ ಸೋದರಿಯೊಬ್ಬರು ಕಾಗದ ಬರೆದಿರುವರು. ಅವರ ಮನೆಯಲ್ಲಿ ಅಡುಗೆಗೆ ಅನಿಲದ ಒಲೆ ಬಂದು ಬಹುಕಾಲವಾಯಿತು. ಆದರೆ ಬಚ್ಚಲ ಹಂಡೆಗೆ ಇಂದಿಗೂ ಸೌದೆಯೇ ಗತಿ. “ರಾತ್ರಿ ಮಲಗುವಾಗ ಒಲೆಯ ತುಂಬ ಕಟ್ಟಿಗೆ ತುರುಕಿದರೂ ಬೆಳಗಿನ ಜಾವಕ್ಕೆ ಬರಿಯ ಬೂದಿ ಉಳಿದಿರುತ್ತದೆ. ನಮ್ಮ ಅತ್ತೆಯವರ ಕಾಲದಲ್ಲಿ ಸಂಜೆ ಇಟ್ಟ ಒಂದು ಕುಂಟೆ ಮಾರನೆಯ ಬೆಳಗಿನವರೆಗೂ ಕೆಂಡ ಹಿಡಿದಿರುತ್ತಿತ್ತು. ಯಾವ ಮರದ ಸೌದೆ ಇರುಳೆಲ್ಲ ನಿಲ್ಲುವುದೆಂಬುದನ್ನು ತಿಳಿಸಬೇಕು” ಎಂದು ಕೇಳಿ, ಕೊನೆಯಲ್ಲಿ ಒಂದು ಸಾಲನ್ನು ಸೇರಿಸಿದ್ದಾರೆ. ಆಷಾಢದಲ್ಲಿ ಮಗಳ ಹೆರಿಗೆಯಂತೆ. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಗೂ ಇದೇ ಸೌದೆಯ ಕೆಂಡವನ್ನು ತುಂಬಿಡಬೇಕೆಂದು ಅವರ ಯೋಚನೆ. ಮೊದಲನೆಯ ಪ್ರಶ್ನೆಗೆ ಸಂತೋಷದಿಂದ ಉತ್ತರ ಬರೆಯುತ್ತೇನೆ. ಕೊನೆಯ ಸಾಲನ್ನು ಓದಿ ಮಾತ್ರ ಮನಸ್ಸಿಗೆ ಕಳವಳವಾಯಿತು. ಆ ಮಾತನ್ನು ಮುಂದೆ ಎತ್ತುವೆನು.

ಒಂದೊಂದು ಮರದಲ್ಲಿ ಒಂದೊಂದು ಬಗೆಯ ಬೆಂಕಿ ಅಡಗಿದೆಯೆಂದು ನಾವು ಸಾಮಾನ್ಯವಾಗಿ ನಂಬಿರುವೆವು. ವಾಸ್ತವವಾಗಿ ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ, ಅದು ಯಾವ ಮರದ್ದೇ ಆಗಿರಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖವನ್ನು, ಅಂದರೆ ಸುಮಾರು 4,500ರಿಂದ 5,000 ಕಿಲೋಕ್ಯಾಲೊರಿಗಳಷ್ಟನ್ನು, ಕೊಡುವುದು. ಭೇದವಿರುವುದು ಗಾತ್ರಕ್ಕೂ ತೂಕಕ್ಕೂ ಇರುವ ಸಂಬಂಧದಲ್ಲಿ. ಒಂದು ಘನ ಅಡಿ ಬೂರುಗದ ಒಣಮರ ಸುಮಾರು 10 ಕಿಲೋ ತೂಗಿದರೆ, ಅಷ್ಟೇ ಗಾತ್ರದ ದಿಂಡಿಗ 25 ಕಿಲೋ ತೂಗೀತು. ಒಲೆಯ ಬಾಯಿ ಒಂದೇ ಅಳತೆಯದು. ಅದರೊಳಗೆ ಹೆಚ್ಚು ತೂಕವನ್ನು ತುಂಬಿದವನಿಗೆ ಹೆಚ್ಚು ಹೊತ್ತಿನ ಬೆಂಕಿ. ಮೇಲಾಗಿ ಹಗುರವಾದ ಮರದ ಸೂಕ್ಷ್ಮರಂಧ್ರಗಳಲ್ಲಿ ಗಾಳಿ ಬೇಗ ಹೊಕ್ಕು ಅದು ಭರಭರನೆ ಉರಿದುಹೋಗುವುದು. ಗಟ್ಟಿಮರ ಹೊರಗಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ಬೇಯುತ್ತ ಹೋಗಿ, ಗಟ್ಟಿಯಾದ ಕೆಂಡವನ್ನೇ ಉಳಿಸುವುದು. ಇರುಳಿನ ಬೆಂಕಿಯೆಂದರೆ ಉರಿಯಲ್ಲ, ಕೆಂಡ. ಇದನ್ನು ಮರೆತವರು ರಾತ್ರಿ ಹತ್ತಕ್ಕೆ ಜ್ವಾಲೆಯನ್ನು ಕಂಡು ತೃಪ್ತರಾಗಿ ಮಲಗಿ, ಬೆಳಗ್ಗೆ ಬೂದಿಯನ್ನು ಕೆದಕುತ್ತ ಕೂಡುವರು.

ಹೀಗಾಗಿ ಮಲೆನಾಡಿನವರಿಗೆ ದಿಂಡಿಗ, ಮತ್ತಿ ಇವು ಉತ್ತಮ ಪಂಕ್ತಿಯವು. ಆದರೆ ಇವುಗಳಿಗಾಗಿ ಕಾಡಿಗೆ ಕೊಡಲಿ ಹಾಕುವುದು ಇಂದು ಕಾನೂನಿಗೂ ಒಪ್ಪದು, ಮನಸ್ಸಿಗೂ ಒಪ್ಪಬಾರದು. ಕಾಫಿ ತೋಟದವರ ಬಳಿ ಅದಕ್ಕಿಂತ ಸುಲಭವಾದ ನಿಧಿಯೊಂದುಂಟು: ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ. ನೋಡಲು ಗಂಟುಗಂಟು, ಸೀಳಲು ಬಾರದು. ಇಡಿಯಾಗಿ ಒಲೆಗಿಟ್ಟರೆ ಅದರ ಗುಣ ತಿಳಿಯುವುದು. ಊರೂರಿಗೆ ನೆಟ್ಟಿರುವ ಅಕೇಶಿಯವನ್ನು ಹಳಿಯುವವರು ಬಹಳ. ಅದರ ಮೇಲೆ ಬೇರೆ ಏನೇ ದೂರಿದ್ದರೂ ಸೌದೆಯಾಗಿ ಅದನ್ನು ದೂರುವಂತಿಲ್ಲ. ಬಯಲುಸೀಮೆಯವರಿಗೆ ಹುಣಸೆ, ಕರಿಜಾಲಿ, ಬಳ್ಳಾರಿ ಜಾಲಿ ಇವೆ. ಹುಣಸೆಯ ಕೆಂಡದ ಬಿಸಿಯನ್ನು ಇಟ್ಟಿಗೆಗೂಡಿನವರನ್ನು ಕೇಳಿ ತಿಳಿಯಬೇಕು. ಕರಾವಳಿಯಲ್ಲಿ ಗಾಳಿಮರವುಂಟು. 19ನೆಯ ಶತಮಾನದಲ್ಲಿ ಸೌದೆಗೋಸ್ಕರವೇ ಕಾರವಾರದ ತೀರದಲ್ಲಿ ಅದನ್ನು ನೆಡಿಸಿದರು; ಸ್ವಲ್ಪ ಹಸಿಯಿದ್ದರೂ ಉರಿಯುವ ಸದ್ಗುಣ ಅದಕ್ಕಿದೆ. ಮಾವು, ಹಲಸು ಮಧ್ಯಮ ಪಂಕ್ತಿಯವು. ಹಾಲವಾಣ, ಬೂರುಗ, ನುಗ್ಗೆ ಇವು ಇರುಳಿನ ಕೆಲಸಕ್ಕೆ ಬಾರವು. ತೆಂಗಿನ ಗರಿ, ಅಡಿಕೆಯ ಸೋಗೆ ಇವು ಬೆಳಗ್ಗೆ ಕೆಂಡವನ್ನು ಎಬ್ಬಿಸಲಿಕ್ಕೆ ಮಾತ್ರ. ಕಣಗಿಲೆಯ ಕೊಂಬೆಯನ್ನಾಗಲಿ, ಮೈಮೇಲೆ ಬೊಕ್ಕೆಯೆಬ್ಬಿಸುವ ಸೊನೆಯುಳ್ಳ ಕಾಡುಗೇರಿನ ಜಾತಿಯ ಮರವನ್ನಾಗಲಿ ಯಾವ ಒಲೆಗೂ ಹಾಕಕೂಡದು. ಅವುಗಳ ಹೊಗೆ ಅಪಾಯಕರ.

ಇಷ್ಟು ಹೇಳಿದ ಮೇಲೂ, ಪತ್ರ ಬರೆದ ಸೋದರಿಯ ಕಷ್ಟಕ್ಕೆ ಮರದ ಜಾತಿಗಿಂತ ಅದರ ಹಸಿತನವೇ ಕಾರಣವಿರಬಹುದೆಂದು ನನಗೆ ತೋರುವುದು. ಆಗ ತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಕುದಿಯುತ್ತಿರುವ ಒಂದು ಲೀಟರು ನೀರನ್ನು ಪೂರ್ತಿ ಆವಿಯಾಗಿಸಲು ತಗಲುವ ಶಾಖದಿಂದ ಏಳು ಲೀಟರು ತಣ್ಣೀರನ್ನು ಕುದಿಬರುವಂತೆ ಕಾಯಿಸಬಹುದು. ಹಸಿ ಸೌದೆ ಇಟ್ಟವರು ಹಂಡೆಯ ನೀರನ್ನು ಕಾಯಿಸುವ ಮೊದಲು ಮರದ ನೀರನ್ನು ಕಾಯಿಸುತ್ತಿರುತ್ತಾರೆ! ಮಳೆಗಾಲದ ಸೌದೆಯನ್ನು ಶಿವರಾತ್ರಿಗೆ ಮುಂಚೆಯೇ ಸೀಳಿ ಬಿಸಿಲಿಗೊಡ್ಡಿರಬೇಕು. ಒಣಗಿದ ಸೌದೆಯ ತುದಿಯಲ್ಲಿ ಕಿರಣಗಳಂತೆ ಬಿರುಕು ಬಿಟ್ಟಿರುವುದು, ಸಿಪ್ಪೆ ತಾನಾಗಿ ಸಡಿಲವಾಗುವುದು. ಎರಡು ತುಂಡುಗಳನ್ನು ತಟ್ಟಿದರೆ ಟಣ್ ಎಂದು ನುಡಿಯುವುದು. ಹಸಿಯದು ಧಪ್ ಎನ್ನುವುದು.

ಇನ್ನು ಅವರ ಅತ್ತೆಯವರ ಗುಟ್ಟು. ಅವರು ಮಾಡುತ್ತಿದ್ದುದು ಬಹುಶಃ ಹೀಗೆ: ಸಂಜೆಯ ಉರಿ ಇಳಿದು ಕೆಂಡ ಕೂಡಿದ ಮೇಲೆ, ತೊಡೆಯ ದಪ್ಪದ, ಸೀಳದ ಗಟ್ಟಿ ಕುಂಟೆಯೊಂದನ್ನು ಒಲೆಯ ಹಿಂಬದಿಗೆ ಒರಗಿಸಿ, ಕೆಂಡವನ್ನೆಲ್ಲ ಅದರ ಬುಡಕ್ಕೆ ಒಟ್ಟಿ, ಮೇಲೆ ಎರಡು ಬೆರಳು ದಪ್ಪ ಬೂದಿಯನ್ನು ಹೊದಿಸಿ, ಒಲೆಯ ಬಾಯಿಗೆ ಹಂಚನ್ನೋ ತಗಡನ್ನೋ ಅಡ್ಡ ಇಡುವುದು. ಬೂದಿ ಗಾಳಿಯನ್ನು ತಡೆದು, ಬಿಸಿಯನ್ನು ಹಿಡಿಯುವುದು. ಹೊಗೆಕೊಳವೆಯನ್ನು ಮಾತ್ರ ಎಂದೂ ಮುಚ್ಚಬಾರದು. ವರ್ಷಕ್ಕೊಮ್ಮೆಯಾದರೂ ಅದರ ಮಸಿಯನ್ನು ತೆಗೆಸಬೇಕು, ಏಕೆಂದರೆ ಹೀಗೆ ಅಡಗಿ ಬೇಯುವ ಸೌದೆ ಕೊಳವೆಗೆ ಜಿಗಟು ಮಸಿಯನ್ನು ಮೆತ್ತುವುದು, ಆ ಮಸಿಗೆ ಕಿಡಿ ತಾಗಿದರೆ ಕೊಳವೆಯೇ ಹೊತ್ತೀತು.

ಈಗ ಬಾಣಂತಿಯ ಕೋಣೆಯ ಮಾತು. ಅಲ್ಲಿಗೆ ಈ ಕೆಂಡವನ್ನು ಒಯ್ಯಲೇಬೇಡಿರೆಂದು ಕೈಮುಗಿದು ಬೇಡುತ್ತೇನೆ. ನಾನು ಹತ್ತು ಹನ್ನೊಂದು ವರ್ಷದವಳಿದ್ದಾಗ, ಒಂದು ಜಡಿಮಳೆಯ ರಾತ್ರಿ ನನ್ನನ್ನೂ ತಂಗಿಯನ್ನೂ ಒಳಕೋಣೆಯಲ್ಲಿ ಮಲಗಿಸಿ, ನಮ್ಮಜ್ಜಿ ಪ್ರೀತಿಯಿಂದ ಒಂದು ಅಗ್ಗಿಷ್ಟಿಕೆ ಕೆಂಡವನ್ನು ತಂದಿಟ್ಟು, ಎರಚಲು ಬಾರದಂತೆ ಕಿಟಕಿಯನ್ನು ಭದ್ರಪಡಿಸಿ ಹೋದರು. ಹೊಗೆಯ ಸುಳಿವೂ ಇರಲಿಲ್ಲ. ಬೆಳಗ್ಗೆ ನನಗೆ ತಲೆ ಸಿಡಿಯುವ ನೋವು, ವಾಂತಿ. ತಂಗಿ ಎಷ್ಟು ಕೂಗಿದರೂ ಏಳಲಿಲ್ಲ. ಅಜ್ಜ ಅವಳನ್ನು ಜಗುಲಿಗೆ ಹೊತ್ತು ತಂದರು. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟಳು. ದೃಷ್ಟಿಯಾಯಿತೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಅದನ್ನೂ ಆ ಅಗ್ಗಿಷ್ಟಿಕೆಗೇ ಹಾಕಿದರು. ಅದೇ ಕಾರಣವೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕೆಂಡಕ್ಕೆ ಸಾಕಷ್ಟು ಗಾಳಿ ಸಿಕ್ಕದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕೆಂಪು ದ್ರವ್ಯಕ್ಕೆ ಅದು ಪ್ರಾಣವಾಯುವಿಗಿಂತ 200 ಮಡಿಗೂ ಮಿಗಿಲಾಗಿ ಅಂಟಿಕೊಳ್ಳುವುದು. ನಿದ್ದೆಯಲ್ಲಿರುವವರು ನಿದ್ದೆಯಲ್ಲಿಯೇ ಉಸಿರು ಕಳೆದುಕೊಳ್ಳುವರು. ನಾವು ಮೇಲೆ ಹೊಗಳಿದ ಗುಣವೇ ಇಲ್ಲಿ ದೋಷವೆನಿಸುವುದನ್ನು ಗಮನಿಸಿರಿ: ಹೆಚ್ಚು ಹೊತ್ತು ನಿಲ್ಲುವ ಕೆಂಡ ಹೆಚ್ಚು ಹೊತ್ತು ವಿಷವನ್ನು ಬಿಡುವುದು, ಮೇಲೆ ಬೂದಿ ಮುಚ್ಚಿದರೆ ಮತ್ತಷ್ಟು. ಹೊಗೆಯಿಲ್ಲದ ಕೆಂಡವೆಂಬ ಧೈರ್ಯ ಸುಳ್ಳು ಧೈರ್ಯ. ಹಸುಗೂಸಿಗಂತೂ ಹೊಗೆಯೂ ಕೇಡು, ಈ ಅನಿಲವೂ ಕೇಡು. ಬೆಂಕಿಯಿಟ್ಟ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ಓಕರಿಕೆ, ಮಂಪರು ಕಂಡರೆ, ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಬಯಲ ಗಾಳಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಬಚ್ಚಲಮನೆಯ ಒಳಗೇ ಒಲೆಯ ಬಾಯಿ ಇರುವವರು ಸ್ನಾನದ ಹೊತ್ತಿನಲ್ಲಿ ಅಲ್ಲಿಯ ಗವಾಕ್ಷಿಯನ್ನು ತೆರೆದಿಡಬೇಕು.

ಹಾಗಾದರೆ ಬಾಣಂತಿಗೆ ಬೆಚ್ಚಗೆ ಬೇಡವೇ ಎಂದು ಹಿರಿಯರು ಕೇಳುವರು. ಬೇಕು. ಕೆಂಡದ ಮೇಲೆ ಬಟ್ಟೆ ಕಾಯಿಸುವ ಪದ್ಧತಿಯನ್ನು ಜಗುಲಿಯಲ್ಲಿಯೇ ನಡೆಸಿ, ಕಾದ ಬಟ್ಟೆಯನ್ನು ಮಾತ್ರ ಒಳಗೆ ಕೊಡಬಹುದು. ಮಗುವಿಗೆ ಟೊಪ್ಪಿಗೆ, ಕಾಲುಚೀಲ ತೊಡಿಸಿ ತಾಯಿಯ ಎದೆಗೆ ಒತ್ತಿ ಮಲಗಿಸಿದರೆ ಅದಕ್ಕಿಂತ ಹದವಾದ ಶಾಖ ಯಾವ ಮರದಲ್ಲಿಯೂ ಇಲ್ಲ. ಈ ವರ್ಷ ಸೌದೆ ಸೀಳಿ ಒಣಗಿಸುವ ಕಾಲ ಮೀರಿಹೋಗಿದೆ; ಆದಕಾರಣ ಆ ಸೋದರಿಯು ಕೊಟ್ಟಿಗೆಯ ಅಟ್ಟದಲ್ಲಿರುವ ಹಿಂದಿನ ವರ್ಷದ ಸೌದೆಯನ್ನು ಕೆಳಗಿಳಿಸಿ, ದಪ್ಪ ಕುಂಟೆಗಳನ್ನು ಬೇರೆಯಾಗಿ ಆರಿಸಿ, ದಿನಕ್ಕೊಂದರಂತೆ ಎಣಿಸಿ ಬಚ್ಚಲ ಒಲೆಯ ಪಕ್ಕದಲ್ಲಿ ಒಟ್ಟಿಕೊಳ್ಳಲಿ. ಬಾಣಂತಿಯ ನೀರಿಗೆ ಬೆಳಗಿನ ನಾಲ್ಕು ಗಂಟೆಗೆ ಹಂಡೆ ಬಿಸಿಯಾಗಿಯೇ ಇರುವುದು.