ಆಪತ್ತಿಗೆ ರೈಫಲ್ ಉತ್ತರವೇ?

ಆಪತ್ಕಾಲಕ್ಕೆಂದು ಮನೆಯಲ್ಲೊಂದು ಪಾಯಿಂಟ್ 22 ರೈಫಲ್ ಇದ್ದರೆ ತಪ್ಪೇನು ಎಂದು ಕಲಬುರಗಿಯ ಕೆಲವು ಯುವಕರು ಕೇಳುತ್ತಾರೆ.

ಆಪತ್ತನ್ನು ಗುರುತಿಸುವುದರಲ್ಲೇ ತಪ್ಪಾಗಿದೆ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ದೇಶದಲ್ಲೇ ಮೊದಲು ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಜಿಲ್ಲೆಯ ಊರುಗಳಿಗೆ ನುಗ್ಗಿತು. 2022ರ ಜೂನ್ 3ರಂದು ಕಮಲಾಪುರದ ಬಳಿ ಅಪಘಾತಕ್ಕೀಡಾದ ಬಸ್ಸು ಹೊತ್ತಿ ಉರಿದು ಪ್ರಯಾಣಿಕರು ಸಜೀವ ದಹನವಾದರು. ಇವುಗಳಲ್ಲಿ ಯಾವುದಕ್ಕೆ ಗುಂಡು ಹಾರಿಸಬೇಕಿತ್ತು?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಈ ರೈಫಲನ್ನು ಹೆಸರಿಸಿರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಬೇರೆ ಉದ್ದೇಶವಿದ್ದರೆ ಸಕಾರಣವನ್ನು ಅಧಿಕಾರಿಗೆ ಮನವರಿಕೆ ಮಾಡಬೇಕು. ಪರವಾನಗಿಯಿಲ್ಲದೆ ಇಟ್ಟುಕೊಂಡರೆ ಜೈಲು.

ಗುಂಪು ಮನೆಗೆ ನುಗ್ಗಿದರೆ? 1948ನ್ನು ಕಂಡ ಹಿರಿಯರ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ಅಂದು ರಜಾಕಾರರ ಬಂದೂಕುಗಳು ಯಾರನ್ನು ಕಾದವು? ಅವು ಮೊದಲು ನೆರೆಹೊರೆಯ ನಂಬಿಕೆಯನ್ನು ಕೊಂದವು. ಪೊಲೀಸ್ ಕಾರ್ಯಾಚರಣೆಯ ಬಳಿಕ ಬಂದೂಕನ್ನೇ ಮುಟ್ಟದ ಬಡವರೂ ಅದರ ಬೆಲೆಯನ್ನು ಪ್ರಾಣದಿಂದ ತೆತ್ತರು.

ಮೊಹಲ್ಲಾದಲ್ಲಿ ರಕ್ತದಾನಿಗಳ ಒಂದು ಪಟ್ಟಿ, ಪ್ರಥಮ ಚಿಕಿತ್ಸೆ ಬಲ್ಲ ನಾಲ್ವರು, ನಡುರಾತ್ರಿ ಕರೆದರೂ ಓಡಿಬರುವ ನೆರೆಯವರು: ಸಿದ್ಧತೆಯೆಂದರೆ ಇದು. ರೈಫಲಿಗೆಂದು ಕೂಡಿಟ್ಟ ಹಣವನ್ನು ಯುವಕರು ಇದಕ್ಕೆ ವ್ಯಯಿಸಲಿ.