ಯುದ್ಧನೌಕೆ ಅನ್ನದಾತನೆ?

ಮೊನ್ನೆ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಒಬ್ಬ ತೀರ್ಪುಗಾರನಾಗಿದ್ದೆ. ವಿಷಯ ನಿಶ್ಶಸ್ತ್ರೀಕರಣ. ಬಹುಮಾನ ಗಳಿಸಿದ ಹುಡುಗ ಅಚ್ಚುಕಟ್ಟಾಗಿ ಮಾತನಾಡಿದ. “ಶಾಂತಿ ಒಳ್ಳೆಯದೇ, ಆದರೆ ಶಾಂತಿ ಅನ್ನ ಕೊಡುವುದಿಲ್ಲ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡು ಯುದ್ಧನೌಕೆ ಕಟ್ಟುವುದನ್ನು ಕಡಿಮೆಮಾಡಿತು. ಹಡಗಿನ ಕಾರಖಾನೆಗಳು ಮುಚ್ಚಿದವು. ಜ್ಯಾರೋ ಊರಿನ ಜನ ಹಸಿದು ಲಂಡನ್ನಿನವರೆಗೆ ನಡೆದರು” ಎಂದ. ಸಭೆ ಚಪ್ಪಾಳೆ ತಟ್ಟಿತು. ಮಾತಿನ ಓಟಕ್ಕೆ ಮೆಚ್ಚಿ ನಾನೂ ಧಾರಾಳವಾಗಿ ಅಂಕ ಕೊಟ್ಟೆ. ಮನೆಗೆ ಬಂದ ಮೇಲೆ ಮನಸ್ಸು ಚುಚ್ಚತೊಡಗಿತು. ಹುಡುಗನದೇನೂ ತಪ್ಪಿಲ್ಲ, ದೊಡ್ಡವರು ಹೇಳಿದ್ದನ್ನೇ ಅವನು ಒಪ್ಪಿಸಿದ. ಉತ್ತರ ಹೇಳಬೇಕಾದ ನಾನು ಬಾಯಿ ಬಿಡದೆ ಎದ್ದು ಬಂದೆನಲ್ಲ! ಆ ಸಾಲವನ್ನು ಇಲ್ಲಿ ತೀರಿಸುತ್ತೇನೆ.

ಈ ವಾದದಲ್ಲಿ ಸತ್ಯಾಂಶವಿದೆ ಎಂಬುದನ್ನು ಮೊದಲೇ ಒಪ್ಪಿಬಿಡೋಣ. 1922ರ ಫೆಬ್ರವರಿಯಲ್ಲಿ ಐದು ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಯಾವ ಯುದ್ಧನೌಕೆಯೂ 35,000 ಟನ್ನು ಮೀರಕೂಡದು. ಬ್ರಿಟನ್, ಅಮೆರಿಕ, ಜಪಾನುಗಳ ದೊಡ್ಡ ನೌಕೆಗಳ ತೂಕ 5:5:3ರ ಪ್ರಮಾಣದಲ್ಲಿರಬೇಕು ಎಂದು ಗೊತ್ತುಮಾಡಿದವು. ಕ್ಲೈಡ್ ಮತ್ತು ಟೈನ್ ನದೀತೀರದ ಕಾರಖಾನೆಗಳಿಗೆ 1921ರಲ್ಲಿ ಕೊಟ್ಟಿದ್ದ ನಾಲ್ಕು ಭಾರಿ ನೌಕೆಗಳ ಆರ್ಡರು ರದ್ದಾಯಿತು. ಅದನ್ನು ನಂಬಿದ್ದ ಕೂಲಿಕಾರರ ಬಾಯಿಗೆ ಮಣ್ಣು ಬಿತ್ತು. ಇದು ನಿಜ.

ಆದರೆ ಜ್ಯಾರೋದ ಕಥೆಯೇ ಬೇರೆ. ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿಯ ದಕ್ಷಿಣ ದಂಡೆಯಲ್ಲಿರುವ ಊರು ಅದು. 1852ರಲ್ಲಿ ಪ್ರಾರಂಭವಾದ ಪಾಮರ್ ಕಂಪನಿ ಅಲ್ಲಿ ಸುಮಾರು 1,000 ಹಡಗುಗಳನ್ನು ಕಟ್ಟಿತು. ಕಲ್ಲಿದ್ದಲು ಸಾಗಿಸುವ ಹಡಗು, ಎಣ್ಣೆಯ ಹಡಗು, ಸರಕಿನ ಹಡಗು, ಅವುಗಳ ಜೊತೆಗೆ ಯುದ್ಧನೌಕೆ. ವಾಷಿಂಗ್ಟನ್ ಒಪ್ಪಂದದ ತರುವಾಯವೂ ಈ ಕಂಪನಿಗೆ ಯುದ್ಧನೌಕೆಯ ಕೆಲಸ ಸಿಕ್ಕಿತ್ತು. ‘ಯಾರ್ಕ್’ ಎಂಬ ಕ್ರೂಸರ್ 1928ರಲ್ಲಿ ನೀರಿಗಿಳಿಯಿತು. ‘ಡಚೆಸ್’ ಎಂಬ ಡಿಸ್ಟ್ರಾಯರ್ 1932ರಲ್ಲಿ. ಅಷ್ಟಾದರೂ 1933ರಲ್ಲಿ ಕಂಪನಿ ದಿವಾಳಿಯೆದ್ದಿತು. ಯಾಕೆ? ಯುದ್ಧಕಾಲದಲ್ಲಿಯೂ ಅದರ ಬೆನ್ನಿಗೇ ಬಂದ ಭರಾಟೆಯಲ್ಲಿಯೂ ಜಗತ್ತು ಅಗತ್ಯಕ್ಕೆ ಮೀರಿ ಹಡಗು ಕಟ್ಟಿತ್ತು. 1929ರ ನಂತರ ವ್ಯಾಪಾರವೇ ಕುಸಿಯಿತು. ಸರಕೇ ಇಲ್ಲದಾಗ ಸರಕಿನ ಹಡಗು ಯಾರಿಗೆ ಬೇಕು? 1932ರಲ್ಲಿ ಬ್ರಿಟನ್ನಿನ ಹಡಗು ಕಟ್ಟುವವರ ಪೈಕಿ ಶೇಕಡ 60ಕ್ಕೂ ಮಿಕ್ಕವರು ನಿರುದ್ಯೋಗಿಗಳಾಗಿದ್ದರು.

ಇನ್ನು ಬೀಗ ಹಾಕಿದ ಕೈ ಯಾರದು ಎಂಬುದನ್ನು ನೋಡೋಣ. 1930ರಲ್ಲಿ ಹಡಗು ಕಾರಖಾನೆಗಳ ಮಾಲಿಕರೇ ಸೇರಿ ‘ನ್ಯಾಷನಲ್ ಷಿಪ್‌ಬಿಲ್ಡರ್ಸ್ ಸೆಕ್ಯೂರಿಟಿ’ ಎಂಬ ಕಂಪನಿಯನ್ನು ಸ್ಥಾಪಿಸಿದರು. ಹೆಸರು ‘ಭದ್ರತೆ’, ಉದ್ಯೋಗ, ಸೊರಗಿದ ಕಾರಖಾನೆಗಳನ್ನು ಕೊಂಡು ಕಿತ್ತುಹಾಕುವುದು! ಸದಸ್ಯರಿಂದ ವಂತಿಗೆ ಎತ್ತಿ, ಪೈಪೋಟಿ ತಗ್ಗಿಸಿ, ಉಳಿದವರ ಲಾಭ ಕಾಪಾಡುವ ಉಪಾಯ. ಈ ಕಂಪನಿ 1934ರಲ್ಲಿ ಜ್ಯಾರೋ ಕಾರಖಾನೆಯನ್ನು ಕೊಂಡಿತು. ಆ ಜಾಗದಲ್ಲಿ ಇನ್ನು 40 ವರ್ಷ ಯಾರೂ ಹಡಗು ಕಟ್ಟಕೂಡದೆಂದು ಕರಾರು ಬಿತ್ತು. ಅಲ್ಲೊಂದು ಹೊಸ ಉಕ್ಕಿನ ಕಾರಖಾನೆ ಬರಲೆಂದರೆ, ಉಕ್ಕಿನ ಮಾಲಿಕರ ಒಕ್ಕೂಟ ಅಡ್ಡ ನಿಂತಿತು. ವಾಣಿಜ್ಯಮಂತ್ರಿ ವಾಲ್ಟರ್ ರನ್ಸಿಮನ್ ಅವರು ಜ್ಯಾರೋ ತನ್ನ ಉದ್ಧಾರವನ್ನು ತಾನೇ ಮಾಡಿಕೊಳ್ಳಬೇಕೆಂದು ಅಪ್ಪಣೆ ಕೊಡಿಸಿದರು. ಮಾಡಿದವರು ಮಾಲಿಕರು, ಕೈ ಕಟ್ಟಿ ಕುಳಿತದ್ದು ಸರ್ಕಾರ; ಅಪವಾದ ಮಾತ್ರ ಶಾಂತಿಯ ತಲೆಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಸುಮ್ಮನೆ ಹುಟ್ಟಿತೆ?

1936ರ ಅಕ್ಟೋಬರ್ 5ರಂದು ಆ ಊರಿನ 200 ಮಂದಿ ಗಂಡಸರು ಹೊರಟು, ಸುಮಾರು 450 ಕಿಲೋಮೀಟರು ನಡೆದು, ತಿಂಗಳ ಕೊನೆಗೆ ಲಂಡನ್ನು ಸೇರಿದರು. ಸುಮಾರು 11,000 ಜನರ ಸಹಿಯಿದ್ದ ಮನವಿ ಅವರೊಡನೆ ಇತ್ತು. ಆ ಊರಿನ ಪ್ರತಿನಿಧಿಯಾಗಿದ್ದ ಎಲೆನ್ ವಿಲ್ಕಿನ್‌ಸನ್ ಅದನ್ನು ಪಾರ್ಲಿಮೆಂಟಿಗೆ ಅರ್ಪಿಸಿದರು. ಪ್ರಧಾನಿ ಬಾಲ್ಡ್‌ವಿನ್ ಅವರು ಭೇಟಿಯನ್ನೂ ಕೊಡಲಿಲ್ಲ. ನಡೆದವರು ಮನೆಗೆ ಮರಳಿದಾಗ, ಅಷ್ಟು ದಿನ ಕೆಲಸಕ್ಕೆ ಸಿಕ್ಕುವಂತಿರಲಿಲ್ಲವೆಂಬ ನೆಪದಿಂದ ಅವರ ನಿರುದ್ಯೋಗ ಭತ್ಯಕ್ಕೆ ಕತ್ತರಿ ಬಿದ್ದಿತ್ತು. ಅವರು ಕೇಳಿದ್ದು ಕೆಲಸ. ಫಿರಂಗಿಯ ಹಡಗೇ ಬೇಕೆಂದು ಯಾರೂ ಹಟ ಹಿಡಿದಿರಲಿಲ್ಲ.

ಹಟ ಹಿಡಿದವರು ಬೇರೆಯೇ ಇದ್ದರು. 1927ರಲ್ಲಿ ಜಿನೀವದಲ್ಲಿ ನೌಕಾಬಲವನ್ನು ಇನ್ನಷ್ಟು ತಗ್ಗಿಸಲೆಂದು ಒಂದು ಸಮ್ಮೇಳನ ಸೇರಿತು, ಮುರಿದೂ ಬಿತ್ತು. ಎರಡು ವರ್ಷದ ಮೇಲೆ ವಿಲಿಯಂ ಷಿಯರರ್ ಎಂಬಾತ ಅಮೆರಿಕದ ಮೂರು ಹಡಗು ಕಂಪನಿಗಳ ಮೇಲೆ ದಾವೆ ಹೂಡಿದ. ಜಿನೀವದಲ್ಲಿಯೂ ಇತರೆಡೆಯೂ ಅವುಗಳ ಪರವಾಗಿ ದುಡಿದದ್ದಕ್ಕೆ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಬಾಕಿ ಬರಬೇಕೆಂಬುದು ಅವನ ದೂರು! ಅಧ್ಯಕ್ಷ ಹೂವರ್ ಬಹಿರಂಗವಾಗಿಯೇ ಕಿಡಿಕಾರಿದರು. ಸೆನೆಟ್ಟು ವಿಚಾರಣೆ ನಡೆಸಿತು. ಸಮ್ಮೇಳನ ಮುರಿದದ್ದು ಇವನೊಬ್ಬನಿಂದ ಎಂದು ನಾನು ಹೇಳುವುದಿಲ್ಲ. ಬ್ರಿಟನ್ ಮತ್ತು ಅಮೆರಿಕಗಳ ಜಗಳವೇ ಅದಕ್ಕೆ ಸಾಕಾಗಿತ್ತು. ಆದರೆ ಶಾಂತಿ ಕೆಡಲೆಂದು ಕೂಲಿ ಕೊಡುವವರು ಇದ್ದರೆಂಬುದಂತೂ ಬೆಳಕಿಗೆ ಬಂತು.

ಯುದ್ಧನೌಕೆಯಿಂದ ಅನ್ನ ಸಿಕ್ಕೇ ಸಿಗುತ್ತದೆಂದು ಇನ್ನೂ ಹೇಳುವವರು 1937ರ ಜನವರಿ 1ನ್ನು ನೆನೆಯಲಿ. ಜ್ಯಾರೋದವರು ಕಾಲು ಸವೆಸಿ ಬಂದು ಎರಡೇ ತಿಂಗಳಾಗಿತ್ತು. ಅದೇ ಟೈನ್ ನದಿಯ ಆಚೆ ದಂಡೆಯಲ್ಲಿ, ಕೆಲವೇ ಮೈಲಿ ಮೇಲೆ, ವಾಕರ್ ಎಂಬಲ್ಲಿ ‘ಕಿಂಗ್ ಜಾರ್ಜ್ 5’ ಎಂಬ ಭಾರಿ ಯುದ್ಧನೌಕೆಯ ನಿರ್ಮಾಣ ಆರಂಭವಾಯಿತು. ಶಸ್ತ್ರಾಸ್ತ್ರದ ಸುಗ್ಗಿ ಬಂತು. ಜ್ಯಾರೋದ ಕಾರಖಾನೆಯನ್ನು ಮಾತ್ರ ಆ ಹೊತ್ತಿಗಾಗಲೇ ಕಿತ್ತುಹಾಕಿದ್ದರು. ಆ ಅನ್ನದ ಬೆಲೆಯಾದರೂ ಎಷ್ಟು? 1912ರಲ್ಲಿ ಅದೇ ಜ್ಯಾರೋದವರು ‘ಕ್ವೀನ್ ಮೇರಿ’ಯನ್ನು ನೀರಿಗಿಳಿಸಿದ್ದರು. ನಾಲ್ಕು ವರ್ಷದ ಮೇಲೆ, 1916ರ ಮೇ 31ರಂದು, ಜಟ್ಲಂಡ್ ಕದನದಲ್ಲಿ ಅದು ಸಿಡಿದು ಮುಳುಗಿತು. 1,200ಕ್ಕೂ ಹೆಚ್ಚು ಮಂದಿ ಸತ್ತರು. ಬದುಕಿದವರು ಇಪ್ಪತ್ತರ ಆಸುಪಾಸು.

ಕರಾವಳಿಯುಳ್ಳ ದೇಶಕ್ಕೆ ನೌಕಾಪಡೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಬೇಕಾದರೆ ರಕ್ಷಣೆಗೆ ಬೇಕು ಎನ್ನಿ. ಎಷ್ಟು ಬೇಕು, ಏಕೆ ಬೇಕು ಎಂದು ಲೆಕ್ಕ ಕೊಡಿ, ಕೇಳೋಣ. ಕೂಲಿಕಾರನ ಗಂಜಿಯ ಬಟ್ಟಲನ್ನು ಮುಂದೆ ಹಿಡಿದು ಫಿರಂಗಿ ಮಾರಬೇಡಿ. ಇಂದಿಗೂ ಶಸ್ತ್ರಾಸ್ತ್ರದ ಪರವಾಗಿ ಉದ್ಯೋಗದ ಮಾತು ಕೇಳಿಬರುತ್ತಲೇ ಇರುತ್ತದೆ. ನಮ್ಮ ಆ ಹುಡುಗ ಬಹುಮಾನವನ್ನು ಇಟ್ಟುಕೊಳ್ಳಲಿ. ಮುಂದಿನ ಸಲ ಅವನು ಜ್ಯಾರೋದ ಹೆಸರೆತ್ತಿದಾಗ, ಕಾರಖಾನೆಯ ಬೀಗದ ಕೈ ಯಾರ ಜೇಬಿನಲ್ಲಿತ್ತು ಎಂಬುದನ್ನೂ ಸಭೆಗೆ ಹೇಳಲಿ.